ಸಂಧ್ಯಾ ಸುರಕ್ಷಾ ಪಿಂಚಣಿ: ಅರ್ಹ ಹಿರಿಯರು ಹೊರಗೆ ಉಳಿಯುವುದೇಕೆ?

ಜೈನರೆಂದರೆ ಅಂಗಡಿ, ಮಳಿಗೆ ಇಟ್ಟುಕೊಂಡ ಅನುಕೂಲಸ್ಥರು ಎಂಬ ಮಾತು ಊರೂರಲ್ಲಿ ಇದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4.4 ಲಕ್ಷ. ಇವರಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ ಕಡೆಯ ಸಣ್ಣ ರೈತರಿದ್ದಾರೆ. ಕರಾವಳಿಯ ಬಸದಿಗಳಲ್ಲಿ ಪೂಜೆ ಮಾಡುವ ಇಂದ್ರರಿದ್ದಾರೆ. ಬೇರೆಯವರ ಅಂಗಡಿಯಲ್ಲಿ ಲೆಕ್ಕ ಬರೆದು ಆಯುಷ್ಯ ಕಳೆದವರೂ ಇದ್ದಾರೆ. ಇವರಿಗೆಲ್ಲ ಕೈಕಾಲು ಸೋತ ದಿನವೇ ನಿವೃತ್ತಿ. ಆಮೇಲೆ ಸಂಬಳವೂ ಇಲ್ಲ, ಪಿ.ಎಫ್. ಕೂಡ ಇಲ್ಲ.

ಇಂಥ ಹಿರಿಯರಿಗಾಗಿಯೇ ರಾಜ್ಯ ಸರ್ಕಾರ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ತಂದಿತು. ಸಣ್ಣ ಮತ್ತು ಅತಿ ಸಣ್ಣ ರೈತರು, ಕೃಷಿ ಕೂಲಿಕಾರರು, ನೇಕಾರರು, ಅಸಂಘಟಿತ ವಲಯದ ದುಡಿಮೆಗಾರರು ಇದರ ವ್ಯಾಪ್ತಿಗೆ ಬರುತ್ತಾರೆ. ವಯಸ್ಸು 65 ತುಂಬಿರಬೇಕು, ಗಂಡ ಹೆಂಡತಿ ಇಬ್ಬರ ವಾರ್ಷಿಕ ಆದಾಯ 32,000 ರೂ. ಮೀರಬಾರದು, ಬೇರೆ ಪಿಂಚಣಿ ಬರುತ್ತಿರಬಾರದು. ಆರಂಭದಲ್ಲಿ ತಿಂಗಳಿಗೆ 400 ರೂ. ಇದ್ದದ್ದು ಈಗ 1,200 ರೂ. ಆಗಿದೆ. ಅರ್ಜಿ ಕೊಡುವುದು ನಾಡಕಚೇರಿಯಲ್ಲಿ.

ಅಲ್ಪಸಂಖ್ಯಾತರೆಂದು ಘೋಷಣೆಯಾಗಿರುವುದರಿಂದ ಪಿಂಚಣಿ ಸಿಗುತ್ತದೆ ಎಂದು ಕೆಲವರು ತಿಳಿದಿದ್ದಾರೆ. 2014ರಲ್ಲಿ ಬಂದ ಆ ಸ್ಥಾನಕ್ಕೂ ಈ ಪಿಂಚಣಿಗೂ ಸಂಬಂಧವಿಲ್ಲ. ಇನ್ನು ಕೆಲವರು "ಮಗನಿಗೆ ಅಂಗಡಿ ಇದೆ, ನಮಗೆಲ್ಲಿ ಕೊಡುತ್ತಾರೆ" ಎಂದು ಅರ್ಜಿಯನ್ನೇ ಹಾಕುವುದಿಲ್ಲ. ನಿಯಮ ಕೇಳುವುದು ದಂಪತಿಗಳ ಆದಾಯವನ್ನು. ಮಗ ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿ, ಹಣ ಕಳಿಸದೆ ಇದ್ದರೆ ಆ ಅಂಗಡಿಯಿಂದ ತಾಯಿ ತಂದೆಗೆ ಊಟ ಬರುವುದಿಲ್ಲ.

ಆದಾಯದ ಮಿತಿಯೇ ತೀರ ಕೆಳಗಿದೆ ಎಂಬುದೂ ನಿಜ. 32,000 ರೂ. ಅಂದರೆ ಇಬ್ಬರಿಗೆ ಸೇರಿ ದಿನಕ್ಕೆ 88 ರೂ. ಒಂದು ಸಣ್ಣ ಬಾಡಿಗೆ ಬಂದರೂ ಮಿತಿ ದಾಟುತ್ತದೆ. ಬಿಪಿಎಲ್ ಕುಟುಂಬದ ಹಿರಿಯರಿಗಾಗಿ ಕೇಂದ್ರ ಸರ್ಕಾರ ನೀಡುವ ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 79 ವರ್ಷದವರೆಗೆ 200 ರೂ., 80 ದಾಟಿದವರಿಗೆ 500 ರೂ. ಆ 200 ರೂ. ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ಏರಿಲ್ಲ. ಬೇಳೆ, ಎಣ್ಣೆ, ಔಷಧಿಯ ದರ ಮಾತ್ರ ನಿಂತಿಲ್ಲ.

ಬಿಪಿಎಲ್ ಕಾರ್ಡಿನ ವಿಷಯದಲ್ಲೂ ಎಚ್ಚರ ಬೇಕು. 2024ರ ನವೆಂಬರ್‌ನಲ್ಲಿ ಕಾರ್ಡ್ ಪರಿಷ್ಕರಣೆ ರಾಜ್ಯದಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ಬ್ಯಾಂಕ್ ಸಾಲಕ್ಕಾಗಿ ಮಗ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವುದು ವ್ಯಾಪಾರಸ್ಥರ ಮನೆಗಳಲ್ಲಿ ಸಾಮಾನ್ಯ. ಒಂದೇ ಕಾರ್ಡಿನಲ್ಲಿ ಹೆಸರಿರುವ ಅಜ್ಜ ಅಜ್ಜಿಗೆ ಇದರ ಬಿಸಿ ತಟ್ಟಬಹುದು.

ಇಂದಿನ ತರುಣ ವ್ಯಾಪಾರಿಗಳಿಗೆ ದಾರಿ ಬೇರೆ. 2019ರಲ್ಲಿ ಬಂದ ಲಘು ವ್ಯಾಪಾರಿ ಮಾನಧನ್ ಯೋಜನೆ ವಾರ್ಷಿಕ ವಹಿವಾಟು 1.5 ಕೋಟಿ ರೂ. ಮೀರದ, 18ರಿಂದ 40 ವಯಸ್ಸಿನ, ಆದಾಯ ತೆರಿಗೆ ಕಟ್ಟದ ಅಂಗಡಿಕಾರರಿಗಾಗಿ. ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂ. ಕಟ್ಟಿದರೆ ಸರ್ಕಾರವೂ ಅಷ್ಟೇ ಸೇರಿಸುತ್ತದೆ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂ. ಆದರೆ ಈಗಾಗಲೇ 60 ದಾಟಿದವರಿಗೆ ಇದರಿಂದ ಉಪಯೋಗವಿಲ್ಲ.

ಉಳಿದದ್ದು ಸಂಕೋಚದ ಪ್ರಶ್ನೆ. ಸಮಾಜದಲ್ಲಿ ಹೆಸರು ಕೆಡುತ್ತದೆಂದು ಎಷ್ಟೋ ಶ್ರಾವಕ ಶ್ರಾವಿಕೆಯರು ಸುಮ್ಮನಿರುತ್ತಾರೆ. ಅರ್ಹತೆ ಇಲ್ಲದೆ ಸುಳ್ಳು ಆದಾಯ ಬರೆಸಿ ಪಡೆದರೆ ಅದು ಅಚೌರ್ಯ ವ್ರತಕ್ಕೆ ವಿರುದ್ಧ. ಅರ್ಹರು ಪಡೆದರೆ ಅದು ಭಿಕ್ಷೆ ಆಗುವುದಿಲ್ಲ, ಅದು ಕಾನೂನು ಕೊಟ್ಟ ಹಕ್ಕು. ದಶಲಕ್ಷಣ ಪರ್ವದಲ್ಲಿ ಬಸದಿಗೆ ಹಿರಿಯರೆಲ್ಲ ಬರುತ್ತಾರೆ. ಅಲ್ಲಿ ಓದಿದ ಇಬ್ಬರು ತರುಣರು ಒಂದು ಸಂಜೆ ಕುಳಿತು ಆಧಾರ್, ವಯಸ್ಸಿನ ದಾಖಲೆ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ನೋಡಿ ಅರ್ಜಿ ತುಂಬಿಸಿಕೊಟ್ಟರೆ ಸಾಕು. ಯಾರ ಮನೆಯ ಕಷ್ಟವನ್ನೂ ನಾಲ್ಕು ಜನರ ಮುಂದೆ ಆಡದೆ ಈ ಕೆಲಸ ಆಗಬೇಕು.