ಜಾಣರು ಹಳೆಯ ಕಾಲೇಜಿಗೇಕೆ?

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುವ ತಂದೆಯೊಬ್ಬರು ಮೊನ್ನೆ ಕೇಳಿದರು: “ಹಾವೇರ್ಯಾಗ ಸರಕಾರಿ ಇಂಜಿನಿಯರಿಂಗ್ ಕಾಲೇಜ ಐತಿ. ಮಗ ಬೆಂಗಳೂರಿಗೇ ಹೊಕ್ಕೀನಿ ಅಂತಾನ. ಯಾಕ್ರಿ ಸರ?”

ಆತನು ಬಯಸಿದ್ದು ಕೆ.ಆರ್. ವೃತ್ತದ ವಿಶ್ವೇಶ್ವರಯ್ಯ ಕಾಲೇಜನ್ನು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಅದು ಸ್ಥಾಪಿತವಾಯಿತು. ಹಳಮೆಯೊಂದೇ ಅದರ ಆಕರ್ಷಣೆಯಲ್ಲ. ಖಾಸಗಿ ಕಾಲೇಜುಗಳಿಗೆ ಹೋಲಿಸಿದರೆ ಶುಲ್ಕ ಕಡಿಮೆ. ಅಲ್ಲಿ ಪ್ರವೇಶವನ್ನು ಮುಖ್ಯವಾಗಿ ನಿರ್ಣಯಿಸುವುದು ಹಣದ ಥೈಲಿಯಲ್ಲ, ಸಿಇಟಿ ರ‍್ಯಾಂಕು. ಜಾಣರು ಇರುವರೆಂದೇ ಜಾಣರು ಸೇರುತ್ತಾರೆ. ಅವರನ್ನರಸಿ ಕಂಪನಿಗಳು ಬರುತ್ತವೆ. ಶತಮಾನದ ಹಳೆಯ ವಿದ್ಯಾರ್ಥಿಬಳಗ ಬೆನ್ನಿಗಿದೆ. 2021ರ ಕಾಯಿದೆಯು ಐಐಟಿಯ ಮಾದರಿಯಲ್ಲಿ ಅದಕ್ಕೆ ಸ್ವಾಯತ್ತತೆಯನ್ನೂ ಒದಗಿಸಿತು.

“ಕಳಿಸ್ರಿ” ಎಂದೆ. ಬಡವನ ಮಗನಿಗೆ ದೊರೆತ ಬಾಗಿಲನ್ನು ಮುಚ್ಚುವ ಹಕ್ಕು ನನಗಿಲ್ಲ. ಆದರೂ ಮನಸ್ಸು ಕೇಳುತ್ತದೆ: ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ರ‍್ಯಾಂಕಿನ ಮಕ್ಕಳೆಲ್ಲರೂ ಬೆಂಗಳೂರಿನ ರೈಲು ಹತ್ತಿದರೆ, ನಮ್ಮ ಕಾಲೇಜಿಗೆ ಹಿರಿಮೆ ಬರುವುದೆಂದು? 1917ರಲ್ಲಿ ಆ ಕಾಲೇಜೂ ಹೊಸದೇ ಆಗಿದ್ದಿತು. ಅದಕ್ಕಿದ್ದ ಬಂಡವಾಳ ಪರಂಪರೆಯಲ್ಲ, ಸಂಸ್ಥಾನದ ಸಂಕಲ್ಪ. ಒಳ್ಳೆಯ ಅಧ್ಯಾಪಕರು, ಸುಸಜ್ಜಿತ ಪ್ರಯೋಗಶಾಲೆ, ನ್ಯಾಯವಾದ ಪ್ರವೇಶ: ಇವಿಷ್ಟನ್ನು ಸರಕಾರವು ಜಿಲ್ಲೆಗೂ ಕೊಡಲಿ, ಪರಂಪರೆಯನ್ನು ನಮ್ಮ ಮಕ್ಕಳೇ ಕಟ್ಟಿಯಾರು.