ಸಿಮಾ ಚಿಯಾನ್ ಮೇಲಿನ ಹಳೆಯ ದೂರುಗಳಿಗೆ ಉತ್ತರ

ಪ್ರಾಚೀನ ಚೀನಾದ ಚರಿತ್ರೆಕಾರ ಸಿಮಾ ಚಿಯಾನ್ ಬರೆದ ‘ಶಿಜಿ’ ಎಂಬ ಚರಿತ್ರೆ ಸೇಡಿನ ಪುಸ್ತಕ ಎನ್ನುವವರು ಇಂದಿಗೂ ಇದ್ದಾರೆ. ದೂರು ಹಳೆಯದೇ. ಕ್ರಿ.ಶ. 192ರಲ್ಲಿ ವಿದ್ವಾಂಸ ತ್ಸಾಯ್ ಯೋಂಗ್, ನನ್ನ ಕಾಲು ಕಡಿದರೂ ಸರಿ, ಹಾನ್ ಚರಿತ್ರೆ ಬರೆದು ಮುಗಿಸುವಷ್ಟು ಜೀವ ಉಳಿಸಿ ಎಂದು ಸೆರೆಯಿಂದ ಬೇಡಿಕೊಂಡ. ಮಂತ್ರಿ ವಾಂಗ್ ಯುನ್ ಒಪ್ಪಲಿಲ್ಲ. ಹಾನ್ ವಂಶದ ವೂ ಚಕ್ರವರ್ತಿ ಸಿಮಾ ಚಿಯಾನ್‌ನನ್ನು ಕೊಲ್ಲದೆ ಬಿಟ್ಟಿದ್ದರಿಂದಲೇ ಆ ನಿಂದೆಯ ಗ್ರಂಥ ಉಳಿದುಕೊಂಡಿತು ಎಂಬುದು ಆ ಮಂತ್ರಿಯ ವಾದ. ತ್ಸಾಯ್ ಯೋಂಗ್ ಸೆರೆಯಲ್ಲೇ ಸತ್ತ.

ಸೇಡಿನ ಮಾತಿಗೆ ಕಾಲವೇ ಅಡ್ಡ ನಿಲ್ಲುತ್ತದೆ. ಚರಿತ್ರೆ ಬರೆಯಬೇಕೆಂದು ತಂದೆ ಸಿಮಾ ತಾನ್ ಸಾಯುವ ಮುನ್ನ ಮಗನ ಕೈ ಹಿಡಿದು ಅತ್ತದ್ದು ಕ್ರಿ.ಪೂ. 110ರಲ್ಲಿ. ಐದು ಸಾವಿರ ಕಾಲಾಳುಗಳೊಂದಿಗೆ ಹೋಗಿದ್ದ ಸೇನಾನಿ ಲಿ ಲಿಂಗ್ ಉತ್ತರದ ಅಲೆಮಾರಿ ಶಿಯೊಂಗ್ನುಗಳಿಗೆ ಶರಣಾದದ್ದು, ಅವನ ಪರ ಮಾತಾಡಿ ಸಿಮಾ ಚಿಯಾನ್ ಸಿಕ್ಕಿಬಿದ್ದು, ವೂ ಚಕ್ರವರ್ತಿಯಿಂದ ಗಂಡಸುತನ ಕತ್ತರಿಸುವ ಶಿಕ್ಷೆಗೆ ಗುರಿಯಾದದ್ದು ಕ್ರಿ.ಪೂ. 99 ಮತ್ತು ಅದರ ನಂತರದ ಕಥೆ. ಗಾಯಕ್ಕಿಂತ ಹತ್ತು ವರ್ಷ ಮೊದಲೇ ಸೇಡು ಹುಟ್ಟುತ್ತದೆಯೆ? ಇನ್ನೂ ಒಂದು ಮಾತು. ಹಾನ್ ವಂಶದ ಮೂಲಪುರುಷ ಲಿಯು ಬಾಂಗ್ ಶತ್ರುಗಳಿಗೆ ಹೆದರಿ ಓಡುವಾಗ, ರಥ ಹಗುರವಾಗಲಿ ಎಂದು ಹೆತ್ತ ಮಕ್ಕಳನ್ನೇ ಕೆಳಗೆ ತಳ್ಳಿದ; ಸಾರಥಿ ಇಳಿದು ಅವರನ್ನು ಮತ್ತೆ ಎತ್ತಿಕೊಂಡ. ಇದನ್ನೂ ಸಿಮಾ ಚಿಯಾನ್ ಬರೆದಿಟ್ಟಿದ್ದಾನೆ. ಲಿಯು ಬಾಂಗ್ ಅವನಿಗೇನು ಕೆಡುಕು ಮಾಡಿದ್ದ? ಇವನು ಹುಟ್ಟುವ ಹೊತ್ತಿಗೆ ಆತ ಸತ್ತು ಎಷ್ಟೋ ಕಾಲವಾಗಿತ್ತು.

ಮಾನವಿದ್ದವನಾದರೆ ಗಂಡಸುತನ ಕತ್ತರಿಸಿಕೊಳ್ಳುವ ಬದಲು ಸಾಯಬೇಕಿತ್ತು ಎನ್ನುವವರ ಮಾತು ನನಗೆ ತುಂಬ ನೋವು ತರುತ್ತದೆ. ದಂಡ ಕಟ್ಟಿ ಬಿಡಿಸಿಕೊಳ್ಳುವ ದಾರಿ ಇತ್ತು, ಮನೆಯಲ್ಲಿ ಅಷ್ಟು ಹಣವಿರಲಿಲ್ಲ. ಸ್ನೇಹಿತರು ಯಾರೂ ಮುಂದೆ ಬರಲಿಲ್ಲ. ಗೆಳೆಯ ರೆನ್ ಆನ್‌ಗೆ ಬರೆದ ಪತ್ರದಲ್ಲಿ ಅವನೇ ಇದನ್ನು ಹೇಳಿಕೊಂಡಿದ್ದಾನೆ. ಆ ಅವಮಾನ ನೆನೆದಾಗಲೆಲ್ಲ ಬೆನ್ನು ಬೆವರುತ್ತದೆ ಎಂದೂ. ಗ್ರಂಥ ಅರ್ಧದಲ್ಲಿತ್ತು, ಅದಕ್ಕಾಗಿ ಬದುಕಿದ. ಹಾಗೆ ಬದುಕಿದ್ದರಿಂದಲೇ 130 ಅಧ್ಯಾಯಗಳು ಪೂರ್ತಿಯಾದವು.

ವ್ಯಾಪಾರಿಗಳ ಸಂಪತ್ತನ್ನು ಹೊಗಳಿದ ಎಂಬುದು ನಂತರದ ಹಾನ್ ಚರಿತ್ರೆಕಾರ ಬಾನ್ ಗುವಿನ ಆಕ್ಷೇಪ. ಆದರೆ ಸಿಮಾ ಚಿಯಾನ್ ಸುಳ್ಳು ಸಿಂಗಾರ ಮಾಡಲಿಲ್ಲ, ಕೆಟ್ಟದ್ದನ್ನು ಮುಚ್ಚಿಡಲಿಲ್ಲ ಎಂದು ಒಪ್ಪಿಕೊಂಡವನೂ ಅದೇ ಬಾನ್ ಗು.

ಕೊನೆಯದು, ಅವನು ಬರೆದದ್ದು ಕಟ್ಟುಕಥೆ ಎಂಬ ಆರೋಪ. ಅವನು ಕೊಟ್ಟ ಪುರಾತನ ಶಾಂಗ್ ವಂಶದ ಅರಸರ ಪಟ್ಟಿಯನ್ನು ಅನುಮಾನಿಸುತ್ತಿದ್ದವರಿಗೆ 1917ರಲ್ಲಿ ವಿದ್ವಾಂಸ ವಾಂಗ್ ಗುವೊವೇ ಉತ್ತರ ಕೊಟ್ಟರು. ಆನ್ಯಾಂಗ್‌ನ ನೆಲದಿಂದ ಬಂದ ಎಲುಬು, ಆಮೆಚಿಪ್ಪುಗಳ ಮೇಲಿನ ಹೆಸರುಗಳು ಆ ಪಟ್ಟಿಯೊಡನೆ ಬಹುಮಟ್ಟಿಗೆ ತಾಳೆಯಾದವು. ಸಂಭಾಷಣೆಗಳನ್ನು ಅವನು ಕಲ್ಪಿಸಿಕೊಂಡದ್ದುಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚಿನ್ ಅರಸನನ್ನು ಕೊಲ್ಲಲು ಹೋದ ಜಿಂಗ್ ಕೆಯ ಪ್ರಸಂಗ ಓದಿ ನೋಡಿ. ಕುದುರೆಗೆ ಕೊಂಬು ಮೂಡಿತ್ತು ಎಂಬ ಜನರ ಮಾತನ್ನು ಅತಿಯಾಯಿತು ಎಂದು ಬದಿಗಿಡುತ್ತಾನೆ. ಅರಸನಿಗೆ ಗಾಯವಾಯಿತು ಎಂಬುದೂ ಸುಳ್ಳು ಎನ್ನುತ್ತಾನೆ. ಅಂದು ಆಸ್ಥಾನದಲ್ಲಿದ್ದು, ಕೈಯಲ್ಲಿದ್ದ ಔಷಧದ ಚೀಲವನ್ನೇ ಹಂತಕನ ಮೇಲೆ ಎಸೆದ ವೈದ್ಯ ಶಿಯಾ ವುಜು ಕಂಡದ್ದನ್ನು, ಆ ವೈದ್ಯನ ಒಡನಾಟವಿದ್ದ ಇಬ್ಬರ ಬಾಯಿಂದ ಬಂದಂತೆ ದಾಖಲಿಸಿ, ಅವರಿಬ್ಬರ ಹೆಸರನ್ನೂ ಕೊಟ್ಟಿದ್ದಾನೆ.