ನೆಲವೇ ಡೊಂಕಾದರೆ?

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಆದರೆ ಕೆಲವೊಮ್ಮೆ ನೆಲವೇ ಡೊಂಕಾಗಿರುವುದುಂಟು! ಕಳೆದ ಮಳೆಗಾಲದಲ್ಲಿ ಲೋಣಾವಳಾದ ನಮ್ಮ ಬಂಧುಗಳ ಮನೆಯಲ್ಲಿ, ಗಾಜಿನ ಮೇಜಿನ ಮೇಲೆ ಗಣಕಯಂತ್ರದ ಮೌಸು ಹಟ ಹಿಡಿದಿತ್ತು. "ಕೆಟ್ಟಿತು, ಹೊಸದನ್ನು ತರಬೇಕು" ಎಂದರು ಚಿಕ್ಕಪ್ಪ. ಅದರಡಿ ಹಳೆಯ ನೋಟುಪುಸ್ತಕವೊಂದನ್ನು ಇರಿಸಿದೆನು, ಸರಾಗವಾಗಿ ಓಡಿತು.

ಇಂತಹ ಮೌಸಿನ ಅಡಿಯಲ್ಲಿ ದೀಪವೂ ಪುಟ್ಟ ಕ್ಯಾಮರಾವೂ ಉಂಟು. ಅದು ಸೆಕೆಂಡಿಗೆ ಸಾವಿರಕ್ಕೂ ಮಿಗಿಲಾದ ಚಿತ್ರಗಳನ್ನು ತೆಗೆದು, ಹೋಲಿಸಿ, ಚಲನೆಯನ್ನು ಅರಿಯುತ್ತದೆ. ಕಾಗದದ ಎಳೆ, ಮರದ ಗೆರೆ, ಬಟ್ಟೆಯ ನೇಯ್ಗೆಗಳೇ ಅದಕ್ಕೆ ಗುರುತು. ಗಾಜು, ಕನ್ನಡಿಗಳಲ್ಲಿ ಅವು ದೊರೆಯವು. 1980ರ ಸುಮಾರಿನ ಬೆಳಕಿನ ಮೌಸುಗಳಿಗೆ ಗುರುತು ಮುದ್ರಿಸಿದ ವಿಶೇಷ ಹಲಗೆಯೇ ಬೇಕಾಗಿತ್ತು, ಇಂದು ಬೇಡ.

ಆದುದರಿಂದ ಬೆಲೆಬಾಳುವ ಮೌಸುಪ್ಯಾಡಿಗಾಗಿ ತಂದೆತಾಯಿಗಳನ್ನು ಪೀಡಿಸದಿರೋಣ. ಉಪಕರಣವನ್ನು ಬಿಸಾಡುವ ಮೊದಲು ಅದರ ನೆಲೆಯನ್ನು ಪರೀಕ್ಷಿಸುವುದೇ ವಿದ್ಯಾರ್ಥಿಗಳಿಗೆ ತಕ್ಕುದೆಂದು ನನ್ನ ಅಭಿಪ್ರಾಯ.